ಮಡಿಕೇರಿ ಪಿನ್‌ಕೋಡ್ ಎರಡು ಸಲ ಬರೆದರೆ ಸಿಗುವ 571201571201: ಇದು ಅವಿಭಾಜ್ಯವಾ?

ಪ್ರಶ್ನೆ: ನಮ್ಮದು ಮಡಿಕೇರಿ ಹತ್ತಿರ ಕಾಫಿ ತೋಟ. ಮಗಳು ಎಂಟನೇ ಕ್ಲಾಸು. ಮೊನ್ನೆ ಗಾಳಿಮಳೆಗೆ ಮೂರು ದಿನ ಕರೆಂಟ್ ಇರಲಿಲ್ಲ. ಅವಳು ಸುಮ್ನೆ ಕೂತು ನಮ್ಮ ಪಿನ್‌ಕೋಡ್ 571201 ಅನ್ನು ಒತ್ತೊತ್ತಿಗೆ ಎರಡು ಸಲ ಬರೆದು, 571201571201 ಅವಿಭಾಜ್ಯ ಸಂಖ್ಯೆಯಾ ಅಂತ ಕೇಳಿದಳು. ಮನೆಯ ಕ್ಯಾಲ್ಕುಲೇಟರಿನಲ್ಲಿ ಅಷ್ಟು ಅಂಕೆ ಹಿಡಿಯುವುದೇ ಇಲ್ಲ. ಇನ್ನೊಂದು ವಿಷಯವನ್ನೂ ಅವಳೇ ಕಂಡುಹಿಡಿದಿದ್ದಾಳೆ. ಬರೀ 571201 ಅನ್ನು 2, 3, 4, 5, 6, 7, 8 ಯಾವುದರಿಂದ ಭಾಗಿಸಿದರೂ 1 ಉಳಿಯುತ್ತದೆ. ಇದರಲ್ಲಿ ಏನಾದರೂ ಗುಟ್ಟು ಇದೆಯಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. 571201571201 ಅವಿಭಾಜ್ಯ ಅಲ್ಲ. ಅದು 101 × 9901 × 571201. ಆದರೆ ಬರೀ 571201 ಇದೆಯಲ್ಲ, ನಿಮ್ಮ ಪಿನ್‌ಕೋಡ್, ಅದು ಅವಿಭಾಜ್ಯ. ಮೊದಲನೆಯದನ್ನು ಅರ್ಧ ನಿಮಿಷದಲ್ಲಿ ಹೇಳಬಹುದು. ಎರಡನೆಯದಕ್ಕೆ ನನಗೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಸಂಖ್ಯೆ ದೊಡ್ಡದಾದಷ್ಟೂ ಕಷ್ಟ ಜಾಸ್ತಿ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ 12 ಅಂಕೆಯದು ಸುಲಭ, 6 ಅಂಕೆಯದು ಕಷ್ಟ. ಯಾಕೆ ಹೀಗೆ ಅನ್ನುವುದೇ ನಿಮ್ಮ ಮಗಳ ಪ್ರಶ್ನೆಯಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ.

ದೊಡ್ಡದನ್ನೇ ಮೊದಲು ನೋಡೋಣ. ನಮ್ಮ ಎಣಿಕೆಯಲ್ಲಿ ಓದಿದರೆ ಅದು 57,120 ಕೋಟಿ 15 ಲಕ್ಷ 71 ಸಾವಿರದ 201. ಹೀಗೆ ಓದಿದರೆ ಗುಟ್ಟು ಕಾಣುವುದಿಲ್ಲ. ಅದನ್ನು ಬರೆದ ಬಗೆಯನ್ನು ನೋಡಬೇಕು. ಒಂದು ಸಂಖ್ಯೆಯ ಮುಂದೆ ಅದೇ 6 ಅಂಕೆಗಳನ್ನು ಮತ್ತೆ ಬರೆದರೆ, ಮೊದಲ ಸಲ ಬರೆದದ್ದು 6 ಸ್ಥಾನ ಎಡಕ್ಕೆ ಸರಿಯುತ್ತದೆ, ಅಂದರೆ ಹತ್ತು ಲಕ್ಷ ಪಾಲು ಆಗುತ್ತದೆ. ಅದಕ್ಕೆ ಇನ್ನೊಂದು ಸಲ ಅದೇ ಸಂಖ್ಯೆ ಸೇರಿದಂತೆ. ಹಾಗಾಗಿ 571201571201 ಅಂದರೆ 571201 × 1000001. ಅಷ್ಟೇ. ಇದು ಮಡಿಕೇರಿಗೆ ಮಾತ್ರ ಅಲ್ಲ. ವಿರಾಜಪೇಟೆಯ 571218, ಕುಶಾಲನಗರದ 571234, ಯಾವ ಪಿನ್‌ಕೋಡ್ ಆದರೂ ಎರಡು ಸಲ ಬರೆದ ಕೂಡಲೇ 1000001 ಅದರೊಳಗೆ ಬಂದು ಕೂರುತ್ತದೆ. ಆ 1000001 ಒಡೆದರೆ 101 × 9901. ಮಗಳಿಗೆ ಗುಣಿಸಿ ನೋಡಲು ಹೇಳಿ: 9901ರ ನೂರು ಪಾಲು 990100, ಅದಕ್ಕೆ 9901 ಸೇರಿಸಿದರೆ 1000001. ಈ 101 ಮತ್ತು 9901 ಎರಡೂ ಅವಿಭಾಜ್ಯ. 9901ಕ್ಕೆ 100ರ ಒಳಗಿನ 25 ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು, ಒಂದೂ ಹೋಗುವುದಿಲ್ಲ.

ಇದೇ ಆಟವನ್ನು 3 ಅಂಕೆಯಲ್ಲಿ ಆಡಿದರೆ ಇನ್ನೂ ಚೆಂದ. ಯಾವುದಾದರೂ 3 ಅಂಕೆ ಬರೆದು ಮತ್ತೆ ಅದನ್ನೇ ಬರೆಯಿರಿ, 482482 ಅನ್ನಿ. ಅದನ್ನು 7ರಿಂದ ಭಾಗಿಸಿ, ಬಂದದ್ದನ್ನು 11ರಿಂದ, ಬಂದದ್ದನ್ನು 13ರಿಂದ. ಕೊನೆಗೆ ನಿಮ್ಮ 482 ವಾಪಸ್ ಬರುತ್ತದೆ, ಎಲ್ಲೂ ಏನೂ ಉಳಿಯುವುದಿಲ್ಲ. 1001 = 7 × 11 × 13 ಆಗಿರುವುದೇ ಕಾರಣ. 4 ಅಂಕೆ ಎರಡು ಸಲ ಬರೆದರೆ 73 ಮತ್ತು 137 ಬರುತ್ತವೆ, 5 ಅಂಕೆ ಆದರೆ 11 ಮತ್ತು 9091. ಮೊಬೈಲಿಗೆ 5 ಅಂಕೆ ಎರಡು ಸಲ ಬರುವ ಫ್ಯಾನ್ಸಿ ನಂಬರ್ ತೆಗೆದುಕೊಳ್ಳುತ್ತಾರಲ್ಲ, ಅಂಥ ಎಲ್ಲ ನಂಬರುಗಳೂ 11ರಿಂದ ಸರಿಯಾಗಿ ಭಾಗವಾಗುತ್ತವೆ.

ಸರಿ, ದೊಡ್ಡ ಸಂಖ್ಯೆಯ ಭಾಜಕಗಳು ಎಷ್ಟು? ಮೂರು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧ ಆದ್ದರಿಂದ ಒಟ್ಟು 8. ಅವು 1, 101, 9901, 571201, 1000001, 57691301, 5655461101 ಮತ್ತು ಆ ಸಂಖ್ಯೆಯೇ. ಕೊನೆಯದನ್ನು ಬಿಟ್ಟು ಉಳಿದ ಏಳನ್ನು ಕೂಡಿದರೆ 5714733607 ಬರುತ್ತದೆ. ಇದು ಮೂಲ ಸಂಖ್ಯೆಯ ನೂರರಲ್ಲಿ ಒಂದು ಪಾಲಿನಷ್ಟೇ. 6 ಅಥವಾ 28ರಲ್ಲಿ ಹೀಗೆ ಕೂಡಿದರೆ ಅದೇ ಸಂಖ್ಯೆ ವಾಪಸ್ ಬರುತ್ತದೆ, ಅದಕ್ಕೇ ಅವನ್ನು ಪರಿಪೂರ್ಣ ಸಂಖ್ಯೆ ಅನ್ನುತ್ತಾರೆ. ನಮ್ಮದು ಅದರ ಹತ್ತಿರಕ್ಕೂ ಬರುವುದಿಲ್ಲ.

ಈಗ ಮಗಳು ಕಂಡುಹಿಡಿದ ವಿಷಯ. ನನ್ನ ಮಟ್ಟಿಗೆ ಇದೇ ದೊಡ್ಡದು, ಅವಳಿಗೆ ಇದನ್ನು ಹೇಳಿ.

571201ರಿಂದ 1 ತೆಗೆದರೆ 571200. ಯಾವುದರಿಂದ ಭಾಗಿಸಿದರೂ 1 ಉಳಿಯುತ್ತದೆ ಅಂದರೆ, 571200 ಅವೆಲ್ಲದರಿಂದ ಸರಿಯಾಗಿ ಭಾಗವಾಗುತ್ತದೆ ಅಂತ ಅರ್ಥ. 571200 ಅಂದರೆ 5712ರ ನೂರು ಪಾಲು. ಗುಟ್ಟು ಇರುವುದು ಈ 5712ರಲ್ಲಿ. ಅದು 16 × 3 × 7 × 17. ನೂರರಲ್ಲಿ 4 ಮತ್ತು 25 ಇವೆ. ಎಲ್ಲ ಸೇರಿದರೆ 571200 = 64 × 3 × 25 × 7 × 17. ಹಾಗಾಗಿ 2ರಿಂದ 8ರ ತನಕ ಮಾತ್ರ ಅಲ್ಲ, 10, 12, 14, 15, 16, 17, 20, 21, 24, 25 ಹೀಗೆ ಅವಳು ಇನ್ನೂ ಮುಂದೆ ಹೋದರೂ 1 ಉಳಿಯುತ್ತದೆ. 9ರಲ್ಲಿ ಮುರಿಯುತ್ತದೆ, ಅಲ್ಲಿ 7 ಉಳಿಯುತ್ತದೆ. 11ರಲ್ಲಿ 4, 13ರಲ್ಲಿ 7.

ಅಂಚೆ ಇಲಾಖೆಯವರು ಬೇಕಂತ ಹೀಗೆ ಮಾಡಿದ್ದಲ್ಲ. ಪಿನ್‌ಕೋಡ್ ನಮ್ಮ ದೇಶದಲ್ಲಿ ಶುರುವಾದದ್ದು 1972ರ ಆಗಸ್ಟ್ 15ರಂದು. ಮೊದಲ ಅಂಕೆ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣ ಇರುವ ವಲಯ. ಮೊದಲ ಮೂರು ಅಂಕೆ ಸೇರಿ ಕಾಗದಗಳನ್ನು ವಿಂಗಡಿಸುವ ಜಿಲ್ಲೆ, ಕೊನೆಯ ಮೂರು ಬಟವಾಡೆ ಮಾಡುವ ಅಂಚೆ ಕಚೇರಿ. ಅದರಲ್ಲಿ ಗಣಿತ ನೋಡಿ ಯಾರೂ ಸಂಖ್ಯೆ ಹಂಚಲಿಲ್ಲ. ಹಾಗಾಗಿ ಮಡಿಕೇರಿಗೆ ಇಂಥ ಸಂಖ್ಯೆ ಬಂದದ್ದು ಕಾಕತಾಳೀಯ. ಆದರೆ ಒಮ್ಮೆ ಬಂದ ಮೇಲೆ ಅದರಿಂದ ಏನೇನು ಹುಟ್ಟುತ್ತದೆ ಅನ್ನುವುದು ಕಾಕತಾಳೀಯ ಅಲ್ಲ.

ಊರಿನಲ್ಲಿ ಹಿರಿಯರು ಕೇಳುವ ಒಂದು ಲೆಕ್ಕ ನಿಮಗೂ ಗೊತ್ತಿರಬಹುದು. ಬುಟ್ಟಿಯಲ್ಲಿ ಕಿತ್ತಳೆ ಇವೆ. ಎರಡೆರಡು, ಮೂರುಮೂರು, ನಾಲ್ಕುನಾಲ್ಕು, ಐದೈದು, ಆರಾರು ಹೇಗೆ ಎಣಿಸಿದರೂ ಒಂದು ಮಿಕ್ಕುತ್ತದೆ, ಏಳೇಳು ಎಣಿಸಿದರೆ ಏನೂ ಮಿಕ್ಕುವುದಿಲ್ಲ, ಹಾಗಾದರೆ ಹಣ್ಣು ಎಷ್ಟು? ಉತ್ತರ 301. ನಿಮ್ಮ ಪಿನ್‌ಕೋಡ್ ಈ ಬುಟ್ಟಿಯ ನೆಂಟ. ಅಷ್ಟು ಕಿತ್ತಳೆ ಇದ್ದರೆ ಏಳೇಳು ಎಣಿಸಿದರೂ ಒಂದು ಮಿಕ್ಕುತ್ತದೆ.

ಗಿಡ ನೆಡುವ ಲೆಕ್ಕದಲ್ಲಿ ಯೋಚಿಸಿ. 571200 ಕಾಫಿ ಗಿಡಗಳನ್ನು ಸಮ ಸಾಲುಗಳಲ್ಲಿ ನೆಡಬೇಕು ಅಂದರೆ, 2 ಸಾಲು, 3 ಸಾಲು, 17 ಸಾಲು, 700 ಸಾಲು, ಹೇಗೆ ಬೇಕಾದರೂ ಹಾಕಬಹುದು, ಆ ಸಂಖ್ಯೆಗೆ 168 ಭಾಜಕಗಳಿವೆ. ಒಂದೇ ಒಂದು ಗಿಡ ಜಾಸ್ತಿ ತಂದಿರಿ ಅನ್ನಿ. 571201 ಆಯಿತು. ಈಗ ಎಷ್ಟು ಸಾಲು ಹಾಕಿದರೂ ಕೊನೆಯ ಸಾಲು ಸರಿಹೋಗುವುದಿಲ್ಲ. ಇರುವ ದಾರಿ ಒಂದೇ, ಎಲ್ಲ ಗಿಡ ಒಂದೇ ಉದ್ದ ಸಾಲಿನಲ್ಲಿ. ಪಕ್ಕಪಕ್ಕದ ಎರಡು ಸಂಖ್ಯೆಗಳು, ಒಂದಕ್ಕೆ 168 ಭಾಜಕ, ಇನ್ನೊಂದಕ್ಕೆ 2. ಇಷ್ಟು ವರ್ಷ ಗಣಿತ ಕಲಿಸಿದ ಮೇಲೂ ಇಂಥದ್ದು ಕಂಡರೆ ನನಗೆ ಖುಷಿ ಆಗುತ್ತದೆ. ಅದರಾಚೆಯ 571202 ಬೇರೆಯೇ ಥರ, 2 × 89 × 3209.

ಇಲ್ಲಿ ಒಂದು ತಪ್ಪು ತಿಳುವಳಿಕೆ ಬರಬಾರದು. ಎಲ್ಲದರಿಂದ 1 ಉಳಿಯುತ್ತದೆ ಅಂದ ಮಾತ್ರಕ್ಕೆ ಅವಿಭಾಜ್ಯ ಆಗಬೇಕಿಲ್ಲ. 2 × 3 × 5 × 7 × 11 × 13ಕ್ಕೆ 1 ಸೇರಿಸಿದರೆ 30031. ಆ ಆರರಲ್ಲಿ ಯಾವುದರಿಂದ ಭಾಗಿಸಿದರೂ 1 ಉಳಿಯುತ್ತದೆ. ಆದರೂ ಅದು 59 × 509. ಹೀಗೆ 1 ಉಳಿಯುವುದರಿಂದ ಸಂಭವ ಜಾಸ್ತಿ ಆಗುತ್ತದೆ, ಅಷ್ಟೇ. 571201ರ ಆಸುಪಾಸಿನಲ್ಲಿ ಸುಮಾರು 13 ಸಂಖ್ಯೆಗಳಿಗೆ ಒಂದು ಅವಿಭಾಜ್ಯ ಸಿಗುತ್ತದೆ. 2, 3, 5, 7, 17 ಇವು ಹೋಗುವುದಿಲ್ಲ ಅಂತ ಮೊದಲೇ ಗೊತ್ತಿದ್ದರೆ ಅದು ಮೂರಕ್ಕೆ ಒಂದರ ಹತ್ತಿರ ಬರುತ್ತದೆ. ಖಚಿತ ಬೇಕಾದರೆ ಕೂತು ಲೆಕ್ಕ ಮಾಡಲೇಬೇಕು.

ಎಲ್ಲಿಯ ತನಕ ಮಾಡಬೇಕು? 756ರ ವರ್ಗ 571536. ಅದು ನಮ್ಮ ಸಂಖ್ಯೆಗಿಂತ ದೊಡ್ಡದು. 571201 ಎರಡು ಸಂಖ್ಯೆಗಳ ಗುಣಲಬ್ಧ ಆಗಿದ್ದರೆ ಅವುಗಳಲ್ಲಿ ಒಂದಾದರೂ 755ರ ಒಳಗೆ ಇರಲೇಬೇಕು, ಎರಡೂ 756 ದಾಟಿದರೆ ಗುಣಲಬ್ಧ ಮೀರಿಹೋಗುತ್ತದೆ. 755ರ ತನಕ ಇರುವ ಅವಿಭಾಜ್ಯಗಳು 133. ಅಷ್ಟೂ ಭಾಗಾಕಾರ ಮಾಡಿದೆ. ಕಂಪ್ಯೂಟರಿನಲ್ಲಿ ಒಂದು ಕ್ಷಣದ ಕೆಲಸ, ಗೊತ್ತು. ಆದರೆ ಮಗಳು ಕರೆಂಟ್ ಇಲ್ಲದ ಹೊತ್ತಿನಲ್ಲಿ ಕೇಳಿದ ಪ್ರಶ್ನೆ, ಪೆನ್ಸಿಲಿನಲ್ಲೇ ಮಾಡೋಣ ಅನ್ನಿಸಿತು. 71ರಿಂದ ಭಾಗಿಸಿದರೆ 6 ಉಳಿಯಿತು. 61ಕ್ಕೆ 3 ಸಾಲಲಿಲ್ಲ. 89 ಬಂದಾಗ ಇನ್ನೇನು ಹೋಯಿತು ಅಂದುಕೊಂಡೆ, 89 × 6418 = 571202, ಒಂದೇ ಒಂದು ಸಾಲಲಿಲ್ಲ. 607ರಲ್ಲಿ 14 ಉಳಿಯಿತು. ಕೊನೆಯದು 751, ಅಲ್ಲಿ 441 ಉಳಿಯಿತು. ಎಲ್ಲೂ ಸೊನ್ನೆ ಬರಲಿಲ್ಲ.

ಆದರೆ 133 ಭಾಗಾಕಾರದಲ್ಲಿ ಕೈ ಎಲ್ಲೋ ತಪ್ಪಿರಬಹುದು. ಒಂದು ಕಡೆ ತಪ್ಪಿದರೂ ಉತ್ತರವೇ ಸುಳ್ಳಾಗುತ್ತದೆ. ಹಾಗಾಗಿ ಪೂರ್ತಿ ಬೇರೆ ದಾರಿಯಲ್ಲಿ ಇನ್ನೊಮ್ಮೆ ನೋಡಿದೆ. ಈ ದಾರಿ ನನಗೆ ಮೊದಲಿನಿಂದಲೂ ಪ್ರಿಯ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

5 = 1² + 2². 13 = 2² + 3². 17 = 1² + 4². 29 = 2² + 5². ಇವೆಲ್ಲ 4ರಿಂದ ಭಾಗಿಸಿದರೆ 1 ಉಳಿಯುವ ಅವಿಭಾಜ್ಯಗಳು. ಇಂಥ ಪ್ರತಿಯೊಂದು ಅವಿಭಾಜ್ಯವನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ, ಅಂತ ಫ್ರಾನ್ಸಿನ ಫರ್ಮಾ 1640ರಲ್ಲಿ ಒಂದು ಪತ್ರದಲ್ಲಿ ಬರೆದರು. ಸಾಧನೆ ಕೊಡಲಿಲ್ಲ. ಸುಮಾರು ನೂರು ವರ್ಷ ಕಳೆದ ಮೇಲೆ ಸಾಧಿಸಿ ತೋರಿಸಿದವರು ಆಯ್ಲರ್. ತಿರುಗಿಸಿದರೂ ಇದು ಕೆಲಸಕ್ಕೆ ಬರುತ್ತದೆ. 1ಕ್ಕಿಂತ ದೊಡ್ಡ ಒಂದು ಬೆಸ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ರೀತಿಯಲ್ಲಿ ಬರೆಯಲು ಬರುತ್ತದೆ, ಆ ಎರಡಕ್ಕೂ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲ, ಹೀಗಿದ್ದರೆ ಅದು ಅವಿಭಾಜ್ಯ. ಎರಡು ರೀತಿಯಲ್ಲಿ ಬರೆಯಲು ಬಂದರೆ ಅವಿಭಾಜ್ಯ ಅಲ್ಲ.

571201 ಅನ್ನು 4ರಿಂದ ಭಾಗಿಸಿದರೆ 1 ಉಳಿಯುತ್ತದೆ, ಅದು ನಿಮ್ಮ ಮಗಳಿಗೇ ಗೊತ್ತು. ಹಾಗಾದರೆ ಆ ಎರಡು ವರ್ಗಗಳನ್ನು ಹುಡುಕಬೇಕು. 1ರಿಂದ 755ರ ತನಕ ಎಲ್ಲ ನೋಡಬೇಕಾಗಿಲ್ಲ. ಯಾವ ಸಂಖ್ಯೆಯ ವರ್ಗ ತೆಗೆದರೂ ಕೊನೆಯ ಅಂಕೆ 0, 1, 4, 5, 6, 9 ಇವುಗಳಲ್ಲಿ ಒಂದೇ. ಎರಡನ್ನು ಕೂಡಿ ಕೊನೆಗೆ 1 ಬರಬೇಕಾದರೆ 0 ಮತ್ತು 1, ಇಲ್ಲವೇ 5 ಮತ್ತು 6. ಎರಡರಲ್ಲೂ ಒಂದು ಸಂಖ್ಯೆ 5ರ ಗುಣಕ ಆಯಿತು, ಅದರ ವರ್ಗ 25ರ ಗುಣಕ ಆಯಿತು. ಆದರೆ 571201 ಅನ್ನು 25ರಿಂದ ಭಾಗಿಸಿದರೆ 1 ಉಳಿಯುತ್ತದೆ, ಅಂದರೆ ಇನ್ನೊಂದರ ವರ್ಗದಲ್ಲೂ 1 ಉಳಿಯಬೇಕು. ಹಾಗಾಗಿ ಆ ಇನ್ನೊಂದು 25ರ ಗುಣಕಕ್ಕಿಂತ ಒಂದು ಹೆಚ್ಚೋ ಒಂದು ಕಮ್ಮಿಯೋ ಇರಬೇಕು: 1, 24, 26, 49, 51, ಹೀಗೆ. 16ರಿಂದ ಭಾಗಿಸಿದರೂ 1 ಉಳಿಯುವುದರಿಂದ ಇನ್ನೊಂದು ಜರಡಿ ಸಿಗುತ್ತದೆ. ಎರಡರಲ್ಲಿ ಸಮ ಸಂಖ್ಯೆ 4ರ ಗುಣಕ ಆಗಿರಬೇಕು, ಬೆಸ ಸಂಖ್ಯೆ 8ರ ಗುಣಕಕ್ಕಿಂತ ಒಂದು ಹೆಚ್ಚೋ ಕಮ್ಮಿಯೋ ಇರಬೇಕು. ಎರಡು ಜರಡಿ ಹಿಡಿದ ಮೇಲೆ ಉಳಿಯುವುದು ಬರೀ 30 ಸಂಖ್ಯೆ. ನೋಡಿ, ಅವಳು ಕಂಡ ಆ 1 ಉಳಿಯುವ ಗುಣವೇ ಇಲ್ಲಿ ನಮ್ಮ ಕೆಲಸವನ್ನು ಇಷ್ಟು ಕಮ್ಮಿ ಮಾಡಿತು.

ಆ ಮೂವತ್ತನ್ನೂ ಒಂದೊಂದಾಗಿ ನೋಡಿದೆ. ಪ್ರತಿಯೊಂದರ ವರ್ಗವನ್ನು 571201ರಿಂದ ಕಳೆಯುವುದು, ಉಳಿದದ್ದು ವರ್ಗವಾ ಅಂತ ನೋಡುವುದು. ಮೂವತ್ತರಲ್ಲಿ ಒಂದೇ ಒಂದು ಕೂಡಿಬಂತು. 176ರ ವರ್ಗ 30976. ಕಳೆದರೆ 540225. ಅದು ಸರಿಯಾಗಿ 735ರ ವರ್ಗ.

571201 = 735² + 176².

735 ಅಂದರೆ 3 × 5 × 7 × 7. 176 ಅಂದರೆ 16 × 11. ಸಾಮಾನ್ಯವಾಗಿ ಏನೂ ಇಲ್ಲ. ಬೇರೆ ಯಾವ ರೀತಿಯೂ ಸಿಗಲಿಲ್ಲ. ಹಾಗಾಗಿ ಮಡಿಕೇರಿಯ ಪಿನ್‌ಕೋಡ್ ಅವಿಭಾಜ್ಯ, ಎರಡು ದಾರಿಯಲ್ಲೂ. ಇದರಿಂದ ಒಂದು ಲಂಬಕೋನ ತ್ರಿಭುಜವೂ ಸಿಗುತ್ತದೆ. 735 ಮತ್ತು 176ರ ವರ್ಗಗಳ ವ್ಯತ್ಯಾಸ 509249, ಅವೆರಡರ ಗುಣಲಬ್ಧದ ಇಮ್ಮಡಿ 258720. ಈ ಎರಡು ಬಾಹುಗಳಿರುವ ತ್ರಿಭುಜದ ವಿಕರ್ಣ ಸರಿಯಾಗಿ 571201. ಎಂಟನೇ ಕ್ಲಾಸಿನವಳಿಗೆ 3, 4, 5 ಗೊತ್ತಿದ್ದರೆ ಇದೂ ಅದೇ ಜಾತಿಯದು ಅಂತ ಹೇಳಿ.

ಈಗ ವಾಪಸ್ 12 ಅಂಕೆಯ ಸಂಖ್ಯೆಗೆ ಬರೋಣ. ಅದರೊಳಗಿದ್ದ 1000001ಕ್ಕೂ ಇದೇ ದಾರಿ ಹಿಡಿದರೆ ಏನಾಗುತ್ತದೆ? ಒಂದು ರೀತಿ ಕಣ್ಣಿಗೇ ಕಾಣುತ್ತದೆ, 1000² + 1². ಇನ್ನೊಂದು ಅಡಗಿದೆ: 980² + 199². ಕೂಡಿ ನೋಡಿ, 960400 ಮತ್ತು 39601, ಸರಿಯಾಗಿದೆ. ಎರಡು ರೀತಿ ಸಿಕ್ಕಿತು, ಹಾಗಾಗಿ ಅವಿಭಾಜ್ಯ ಅಲ್ಲ. ಬರೀ ಅಲ್ಲ ಅನ್ನುವುದಷ್ಟೇ ಅಲ್ಲ, ಒಡೆಯುವ ದಾರಿಯೂ ಇದರಲ್ಲೇ ಇದೆ. ಸಮ ಸಂಖ್ಯೆಗಳ ವ್ಯತ್ಯಾಸ 20, ಮೊತ್ತ 1980. ಬೆಸ ಸಂಖ್ಯೆಗಳ ವ್ಯತ್ಯಾಸ 198, ಮೊತ್ತ 200. ವ್ಯತ್ಯಾಸ ಎರಡರ ಮ.ಸಾ.ಅ. (ಎರಡನ್ನೂ ಸರಿಯಾಗಿ ಭಾಗಿಸುವ ಅತಿ ದೊಡ್ಡ ಸಂಖ್ಯೆ) 2, ಮೊತ್ತ ಎರಡರ ಮ.ಸಾ.ಅ. 20. ಎರಡನ್ನೂ ಅರ್ಧ ಮಾಡಿದರೆ 1 ಮತ್ತು 10. ಅವುಗಳ ವರ್ಗ ಕೂಡಿದರೆ 101! ಒಂದು ಅಪವರ್ತನ ಕೈಗೆ ಬಂತು, ಒಂದು ಸಲವೂ ಭಾಗಿಸದೆ. 1000001ರ ಪಕ್ಕದಲ್ಲೇ ಇರುವ 1000009 ಅವಿಭಾಜ್ಯ ಅಲ್ಲ ಅಂತ ಆಯ್ಲರ್ ತೋರಿಸಿದ್ದು ಹೀಗೆಯೇ. ಅದು 1000² + 3², ಮತ್ತೆ 972² + 235². ಒಡೆದರೆ 293 × 3413.

ಇನ್ನೂ ಒಂದು ಇದೆ. ಎರಡು ವರ್ಗಗಳ ಮೊತ್ತವನ್ನು ಇನ್ನೊಂದು ಅಂಥದ್ದರಿಂದ ಗುಣಿಸಿದರೆ ಬರುವುದೂ ಎರಡು ವರ್ಗಗಳ ಮೊತ್ತವೇ. ಈ ನಿಯಮದ ಇನ್ನೂ ವಿಶಾಲವಾದ ರೂಪ ನಮ್ಮ ಬ್ರಹ್ಮಗುಪ್ತರಲ್ಲಿದೆ, 628ರಲ್ಲೇ. ನಮ್ಮ ದೊಡ್ಡ ಸಂಖ್ಯೆ 571201 × 1000001, ಅಂದರೆ 735, 176 ಒಂದು ಕಡೆ, 1000, 1 ಇನ್ನೊಂದು ಕಡೆ. 1000 × 735ಕ್ಕೆ 1 × 176 ಕೂಡಿದರೆ 735176. 1000 × 176ರಿಂದ 1 × 735 ಕಳೆದರೆ 175265. ಈ ಎರಡರ ವರ್ಗ ಕೂಡಿದರೆ 571201571201.

735176 ಅನ್ನು ಸ್ವಲ್ಪ ನೋಡಿ. 735 ಮತ್ತು 176 ಪಕ್ಕಪಕ್ಕ ಕೂತಿವೆ. ಮಗಳು ಪಿನ್‌ಕೋಡ್ ಪಕ್ಕ ಪಿನ್‌ಕೋಡ್ ಬರೆದಳು, ಸಂಖ್ಯೆ ತನ್ನೊಳಗೂ ಹಾಗೇ ಮಾಡಿಕೊಂಡಿದೆ. ಕೂಡುವ ಕಡೆ ಕಳೆದು ಕಳೆಯುವ ಕಡೆ ಕೂಡಿದರೆ ಎರಡನೇ ರೀತಿ, 734824 ಮತ್ತು 176735. ಇಲ್ಲಿ 176 ಮುಂದೆ, 735 ಹಿಂದೆ. 980, 199 ಇಟ್ಟು ಮಾಡಿದರೆ ಇನ್ನೆರಡು: 685276 ಮತ್ತು 318745, 755324 ಮತ್ತು 26215. ಒಟ್ಟು ನಾಲ್ಕು ರೀತಿ, ಐದನೆಯದು ಇಲ್ಲ. 4ರಿಂದ ಭಾಗಿಸಿದರೆ 1 ಉಳಿಯುವ ಮೂರು ಬೇರೆ ಅವಿಭಾಜ್ಯಗಳು ಸೇರಿದರೆ ನಾಲ್ಕೇ ರೀತಿ ಬರುವುದು. 1601551376 ಅಂತ ಯಾವುದೋ ಸಂಖ್ಯೆಯನ್ನು ನೋಡಿ ನಮಗೆ ಏನೂ ಅನ್ನಿಸುವುದಿಲ್ಲ, ಆದರೆ ಒಳಗಿನ ಕಟ್ಟು ಗೊತ್ತಾದ ಸಂಖ್ಯೆ ಪರಿಚಯದವರ ಹಾಗೆ ಆಗಿಬಿಡುತ್ತದೆ.

ಈಗ ಶುರುವಿನಲ್ಲಿ ಹೇಳಿದ ಮಾತಿಗೆ ಬರುತ್ತೇನೆ. 12 ಅಂಕೆಯದು ಸುಲಭವಾದದ್ದು ಅದನ್ನು ಕಟ್ಟಿದ ಬಗೆ ನಮಗೆ ಗೊತ್ತಿದ್ದರಿಂದ. ಕಟ್ಟಿದ ಬಗೆ ಗೊತ್ತಿಲ್ಲದ ದೊಡ್ಡ ಸಂಖ್ಯೆಯನ್ನು ಒಡೆಯುವುದು ನಿಜಕ್ಕೂ ಕಷ್ಟ, ಕಂಪ್ಯೂಟರಿಗೂ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧ ಮಾತ್ರ ಕೊಟ್ಟು ಬಿಡಿಸು ಅಂದರೆ ಕಷ್ಟ. ಇಂಟರ್‌ನೆಟ್ಟಿನಲ್ಲಿ ಗುಟ್ಟು ಕಾಪಾಡುವ ಆರ್‌ಎಸ್‌ಎ ಅನ್ನುವ ಬೀಗ ನಿಂತಿರುವುದು ಇದರ ಮೇಲೆ. ಪರೀಕ್ಷೆಗೆಂದು ಇಟ್ಟಿದ್ದ 250 ಅಂಕೆಯ ಒಂದು ಸಂಖ್ಯೆಯನ್ನು 2020ರಲ್ಲಿ ಒಡೆದರು, ಅದಕ್ಕೆ ಸಾವಿರಾರು ಕಂಪ್ಯೂಟರ್‌ಗಳನ್ನು ತಿಂಗಳುಗಟ್ಟಲೆ ಓಡಿಸಬೇಕಾಯಿತು. ಒಡೆಯುವುದು ಬೇಡ, ಅವಿಭಾಜ್ಯ ಹೌದೋ ಅಲ್ಲವೋ ಅಷ್ಟು ಹೇಳಿದರೆ ಸಾಕು ಅಂದರೆ ಕೆಲಸ ಬಹಳ ಹಗುರ. ಅದಕ್ಕೆ ಅಂಕೆಗಳು ಹೆಚ್ಚಾದರೂ ಕೈಮೀರದ ಖಚಿತ ದಾರಿ ಇದೆ ಅಂತ ಸಾಧಿಸಿದವರು ಕಾನ್ಪುರ ಐಐಟಿಯ ಮಣೀಂದ್ರ ಅಗರ್ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ, 2002ರಲ್ಲಿ. ಆಗ ನೀರಜ್, ನಿತಿನ್ ಇಬ್ಬರೂ ಆಗಷ್ಟೇ ಬಿ.ಟೆಕ್. ಮುಗಿಸಿದ ಹುಡುಗರು. ಇದನ್ನು ಮಗಳಿಗೆ ಖಂಡಿತ ಹೇಳಿ.

ಮುಂದಿನ ಸಲ ಕರೆಂಟ್ ಹೋದಾಗ ಅವಳಿಗೆ ಒಂದು ಕೆಲಸ ಕೊಡುತ್ತೇನೆ. ಪಿನ್‌ಕೋಡ್ ಮೂರು ಸಲ ಬರೆಯಲಿ. ಅದು 571201 × 1000001000001. ಆ ಎರಡನೆಯದು 1001001 × 999001. 1001001ರ ಅಂಕೆ ಕೂಡಿದರೆ 3, ಹಾಗಾಗಿ 3 ಹೋಗುತ್ತದೆ, ಉಳಿಯುವ 333667 ಅವಿಭಾಜ್ಯ. 999001ಕ್ಕೆ 19 ಹೋಗುತ್ತದೆ, ಉಳಿಯುವುದು 52579. ಅದು ಅವಿಭಾಜ್ಯವಾ? ಎರಡು ವರ್ಗಗಳ ದಾರಿ ಇಲ್ಲಿ ನಡೆಯುವುದಿಲ್ಲ, 4ರಿಂದ ಭಾಗಿಸಿದರೆ 3 ಉಳಿಯುತ್ತದೆ. ಭಾಗಿಸಿಯೇ ನೋಡುವುದಾದರೆ 229ರ ತನಕ 50 ಅವಿಭಾಜ್ಯಗಳಿವೆ. ಆದರೆ ಒಂದು ಸುಳಿವು ಕೊಡುತ್ತೇನೆ. 999001ರ ಯಾವ ಅವಿಭಾಜ್ಯ ಅಪವರ್ತನ ತೆಗೆದುಕೊಂಡರೂ ಅದು 18ರ ಗುಣಕಕ್ಕಿಂತ ಒಂದು ಹೆಚ್ಚು ಇರಲೇಬೇಕು. ಹಾಗಾಗಿ 19, 37, 73, 109, 127, 163, 181, 199, ಈ ಎಂಟನ್ನು ನೋಡಿದರೆ ಸಾಕು. 127ರಲ್ಲಿ ಎಷ್ಟು ಉಳಿಯಿತು ಅಂತ ನನಗೆ ಬರೆದು ಕಳಿಸಲಿ.